170 ಸೆಂ.ಮೀ. ಟ್ರೈಪಾಡ್ ತಗೊಂಡ್ರೂ ಸೊಂಟ ನೋವು, ಮೇಲಿಂದ ಫೋಟೊ ಶೇಕ್!!

ಕುಂಬಳೆ ಕ್ಲಿಕ್
ತಲೆ ಕೆಟ್ಟು ಹೋಗಿದೆ. ಹೊಸ ಟ್ರೈಪಾಡ್ ತಗೊಂಡೆ. ಪೆಟ್ಟಿಗೆ ಮೇಲೆ 170 ಸೆಂ.ಮೀ. ಅಂತ ದಪ್ಪಕ್ಷರದಲ್ಲಿ ಉಂಟು. ಅರ್ಧ ಗಂಟೆ ನಿಂತರೆ ಸೊಂಟ ಹಿಡೀತದೆ, ಅಷ್ಟು ಬಗ್ಗಬೇಕು. ಪೂರ್ತಿ ಎತ್ತಿದ್ರೆ ಫೋಟೊ ಎಲ್ಲ ಶೇಕ್. ಅಂಗಡಿಯವ "ಧಾರಾಳ ಸಾಕು" ಅಂದಿದ್ದ. ಇನ್ನೂ ಎತ್ತರದ್ದು ಯಾವುದು ತಗೊಳ್ಳಲಿ? ಮಾಡೆಲ್ ಹೆಸರು ಹೇಳಿ ಸಾಕು, ಪಾಠ ಬೇಡ.

ಬದಿಯಡ್ಕ ಭಟ್ರು
ಪಾಠ ಬೇಡ ಅಂದ್ರೆ ಹೇಗೆ ಮಾರಾಯ್ರೆ. ನೀವು ಸೆಂಟರ್ ಕಾಲಂ, ಅಂದ್ರೆ ನಡುವಿನ ಕೋಲು, ಎತ್ತಿದ್ದೀರಿ, ಅದೇ ಕತೆ. ಆ 170ರಲ್ಲಿ ಕಾಲುಗಳದ್ದು ಎಷ್ಟು, ಕಾಲಂನದ್ದು ಎಷ್ಟು ಅಂತ ಪೆಟ್ಟಿಗೆ ಬದಿಯಲ್ಲಿ ಸಣ್ಣಕ್ಷರದಲ್ಲಿ ಇರ್ತದೆ. ಕಾಲಂ ಪೂರ್ತಿ ಮೇಲೆ ಹೋದ್ರೆ ಕ್ಯಾಮೆರಾ ಭಾರ ಎಲ್ಲ ಒಂದು ಕೋಲಿನ ತುದಿಗೆ ಬೀಳ್ತದೆ, ಗಾಳಿ ಊದಿದ್ರೂ ಅಲ್ಲಾಡ್ತದೆ. ಕಾಲಂ ಇಳಿಸಿ ನೆಲದಿಂದ ಟ್ರೈಪಾಡಿನ ತಲೆವರೆಗೆ ಟೇಪ್ ಹಿಡಿದು ಹೇಳಿ. ನಿಮ್ಮ ಎತ್ತರ ಎಷ್ಟು?

ಚಂದ್ರಗಿರಿ77
ಲೆನ್ಸಿನ ಸ್ಟೆಬಿಲೈಸೇಶನ್, ಅಂದ್ರೆ ಕೈ ನಡುಕ ತಡೆಯುವ ವ್ಯವಸ್ಥೆ, ಆಫ್ ಮಾಡಿದ್ದೀರಾ? ಟ್ರೈಪಾಡಿನ ಮೇಲೆ ಅದು ಆನ್ ಇದ್ರೆ ಕೆಲವು ಲೆನ್ಸು ಸುಮ್ಮನೆ ನಡುಗ್ತದೆ. ನೂರಕ್ಕೆ ನೂರು ಅದೇ.

ಕುಂಬಳೆ ಕ್ಲಿಕ್
ಅಳತೆ ತೆಗೆದೆ. ಕಾಲಂ ಇಳಿಸಿ, ಕ್ಯಾಮೆರಾ ಕೂರುವ ಬಾಲ್ ಹೆಡ್ ಸೇರಿ 138. ನನ್ನ ಎತ್ತರ ಐದು ಅಡಿ ಹತ್ತು ಇಂಚು. ಸ್ಟೆಬಿಲೈಸೇಶನ್ ಆಫ್ ಮಾಡಿಯೂ ನೋಡಿದೆ, ಹಾಗೇ ಉಂಟು.

ಬದಿಯಡ್ಕ ಭಟ್ರು
ಸಿಕ್ಕಿತಲ್ಲ ಲೆಕ್ಕ. ನೀವು 178 ಸೆಂ.ಮೀ. ಕಣ್ಣು ನೆತ್ತಿಯಿಂದ 11-12 ಕೆಳಗೆ, ಅಂದ್ರೆ 166. ಕ್ಯಾಮೆರಾ ಅಡಿಯಿಂದ ಕಣ್ಣಿಟ್ಟು ನೋಡುವ ವ್ಯೂಫೈಂಡರಿಗೆ 8-9. ಈಗ ನಿಮ್ಮ ವ್ಯೂಫೈಂಡರ್ ನಿಲ್ಲೋದು 147ರಲ್ಲಿ. ಸುಮಾರು 19 ಸೆಂ.ಮೀ. ಕಡಿಮೆ, ಸೊಂಟ ಹಿಡಿಯದೆ ಎಂತ ಮಾಡೀತು? ಬಾಲ್ ಹೆಡ್ ಹತ್ತು ಸೆಂ.ಮೀ. ಬಿಟ್ರೆ, ಕಾಲಂ ಎತ್ತದೆ ಬರೀ ಕಾಲುಗಳೇ 147 ಬರುವಂಥದ್ದು ಬೇಕು ನಿಮಗೆ.

ಪೊಸಡಿಗುಂಪೆ
ಸಮನೆಲಕ್ಕಾದ್ರೆ ಭಟ್ರ ಲೆಕ್ಕ ಸರಿ. ನಮ್ಮ ಗುಂಪೆ ಗುಡ್ಡದಂಥ ಇಳಿಜಾರಿನಲ್ಲಿ ಕೆಳಗಿನ ಕಾಲನ್ನು ಇನ್ನೂ ಒಂದು ಗೇಣು ಉದ್ದ ಬಿಡಬೇಕಾಗ್ತದೆ. ಅದಕ್ಕೂ ಸೇರಿಸಿ ತಗೊಳ್ಳಿ. ಎತ್ತರ ಹೆಚ್ಚಾದ್ರೆ ಇಳಿಸಬಹುದು, ಕಡಿಮೆಯಾದ್ರೆ ಎಲ್ಲಿಂದ ತರೋದು? ಹಗುರದ ಕಾರ್ಬನ್ ಫೈಬರ್ ಕಾಲಿನದ್ದೇ ತಗೊಳ್ಳಿ, ಗುಡ್ಡ ಹತ್ತುವಾಗ ಭುಜಕ್ಕೆ ಗೊತ್ತಾಗ್ತದೆ.

ಬದಿಯಡ್ಕ ಭಟ್ರು
ಕಾರ್ಬನ್ನಿನ ದುಡ್ಡಿಗೆ ಅಲ್ಯೂಮಿನಿಯಂ ಎರಡು ಬರ್ತದೆ. ಗಾಳಿಗೆ ಭಾರ ಇದ್ದಷ್ಟೂ ಒಳ್ಳೇದು.

ಪೊಸಡಿಗುಂಪೆ
ಭಾರ ಬೇಕಾದ್ರೆ ಕೊಕ್ಕೆಗೆ ಚೀಲ ನೇತು ಹಾಕಿ. ಚೀಲ ನೆಲಕ್ಕೆ ತಾಗಿಕೊಂಡಿರಬೇಕು, ಇಲ್ಲದಿದ್ರೆ ಅದೇ ತೂಗಾಡ್ತದೆ.

ಚಂದ್ರಗಿರಿ77
ಸ್ಟೆಬಿಲೈಸೇಶನ್ ಕ್ಯಾಮೆರಾ ಬಾಡಿಯಲ್ಲೂ ಇರ್ತದೆ, ಲೆನ್ಸಿನಲ್ಲೂ ಇರ್ತದೆ. ಎರಡೂ ಆಫ್ ಮಾಡಿದ್ರಾ? ಒಂದೇ ಮಾಡಿದವರನ್ನು ನಾನು ತುಂಬ ನೋಡಿದ್ದೇನೆ.

ಬೇಕಲ ಬೀಚ್
ಮರಳಿನಲ್ಲಿ ಇಟ್ಟಿರಬೇಕು. ಅಲೆ ಬಂದು ಹೋದ ಹಾಗೆ ಕಾಲು ಹೂತು ಹೋಗ್ತದೆ, ಎತ್ತರವೂ ಹೋಯ್ತು, ಮಟ್ಟವೂ ಹೋಯ್ತು. ಮೊದಲೇ ಒತ್ತಿ ಹೂಳಬೇಕು. ಮನೆಗೆ ಬಂದು ಸಿಹಿನೀರಲ್ಲಿ ತೊಳೀರಿ, ತಿರುಗಿಸುವ ಲಾಕಿನೊಳಗೆ ಉಪ್ಪು ಮರಳು ಕೂತ್ರೆ ಆಮೇಲೆ ಕಟಕಟ ಹಲ್ಲು ಕಡೀತದೆ. ಬೇಕಲ ಕೋಟೆಯೊಳಗೆ ಆದ್ರೆ ಬೇರೆ ವಿಷಯ, ಅದು ಪುರಾತತ್ವ ಇಲಾಖೆಯದ್ದು, ಟ್ರೈಪಾಡಿಗೆ ಅನುಮತಿ ಕೇಳ್ತಾರೆ.

ಪೊಸಡಿಗುಂಪೆ
ನನ್ನನ್ನು ಯಾರೂ ಕೇಳಲಿಲ್ಲ.

ಬೇಕಲ ಬೀಚ್
ನಿಮ್ಮದು ಯಾರ ಕಣ್ಣಿಗೂ ಬೀಳದಷ್ಟು ಸಣ್ಣದಿರಬೇಕು.

ಕುಂಬಳೆ ಕ್ಲಿಕ್
ಬೀಚೂ ಇಲ್ಲ, ಕೋಟೆಯೂ ಇಲ್ಲ ಮಾರಾಯ್ರೆ! ನಾನು ತೆಗೆಯೋದು ಆಟದ ಫೋಟೊ. ಅದು ಹೇಳ್ಬೇಕಾ?

ಮುಳ್ಳೇರಿಯ ಮಾಣಿ
ಹೇಳ್ಬೇಕಿತ್ತು ಅಣ್ಣ, ಮೊದಲೇ. ಯಕ್ಷಗಾನ ಅಂದ್ರೆ ಲೆಕ್ಕವೇ ಬೇರೆ. ಲೆನ್ಸು ಯಾವುದು? ಎಲ್ಲಿ ನಿಲ್ತೀರಿ? ಮತ್ತೆ ಒಂದು ಫೋಟೊವನ್ನು ದೊಡ್ಡದು ಮಾಡಿ ರಂಗಸ್ಥಳದ ಕಂಬ ನೋಡಿ. ಕಂಬ ಚೊಕ್ಕ ಇದ್ದು ವೇಷ ಮಾತ್ರ ಮಸುಕಾದ್ರೆ ಶಟರ್ ವೇಗ ಸಾಕಾಗಲಿಲ್ಲ ಅಂತ ಅರ್ಥ. 1/30 ಸೆಕೆಂಡಿನಲ್ಲಿ ಗಿರ್ರನೆ ಸುತ್ತಿ ಧೀಂಗಿಣ ಹಾಕುವ ಪುಂಡುವೇಷವನ್ನು ಯಾವ ಟ್ರೈಪಾಡೂ ನಿಲ್ಲಿಸುವುದಿಲ್ಲ. ಕಂಬವೂ ಎರಡೆರಡು ಕಂಡ್ರೆ ಮಾತ್ರ ಕ್ಯಾಮೆರಾ ಅಲ್ಲಾಡಿದ್ದು.

ಕುಂಬಳೆ ಕ್ಲಿಕ್
70-200 ಮಿ.ಮೀ. ಜೂಮ್ ಲೆನ್ಸು. ಕಂಬ ಎರಡೆರಡು ಕಾಣ್ತದೆ, ಅದರಲ್ಲೂ 200ರಲ್ಲಿ. ವಿಡಿಯೊದವರಿಗೆ ಅಂತ ಹಿಂದೆ ಹಲಗೆ ಹಾಸಿರ್ತಾರಲ್ಲ, ಅದರ ಮೇಲೆ ಇಡ್ತೇನೆ.

ಮುಳ್ಳೇರಿಯ ಮಾಣಿ
ಆ ಹಲಗೆ! ಅದರ ಮೇಲೆ ಇನ್ನೂ ಎಷ್ಟು ಜನ? ಪಕ್ಕದವ ಚಾ ತರಲಿಕ್ಕೆ ಇಳಿದ್ರೆ ಸಾಕು, ಹಲಗೆ ಜಗ್ಗಿ ನಿಮ್ಮ ಮೂರು ಕಾಲೂ ಒಟ್ಟಿಗೆ ಕುಣೀತದೆ. ಎಷ್ಟು ದುಡ್ಡಿನ ಟ್ರೈಪಾಡ್ ಇಟ್ರೂ ಅಷ್ಟೆ. ಕೆಳಗೆ ಮಣ್ಣಿನ ಮೇಲೆ ಇಡಿ, ಕಾಲಂ ಇಳಿಸಿ, ರಿಮೋಟ್ ಇಲ್ಲದಿದ್ರೆ ಎರಡು ಸೆಕೆಂಡು ಟೈಮರ್. ಆದ್ರೆ ವೇಷ ನಿಂತು ಅರ್ಥ ಹೇಳುವಾಗ ಮಾತ್ರ ಟೈಮರ್ ನಡೀತದೆ, ಕುಣಿತಕ್ಕೆ ಆಗ್ಲಿಕ್ಕಿಲ್ಲ.

ಮತ್ತೆ ಎತ್ತರ. ಕುರ್ಚಿಯಲ್ಲಿ ಕೂತವರ ತಲೆ 130ರ ಆಸುಪಾಸು ಬರ್ತದೆ. ಕೊನೇ ಕುರ್ಚಿಯ ಹಿಂದೆ ಲೆನ್ಸು 150ರಲ್ಲಿದ್ರೆ ಎಲ್ಲರ ತಲೆ ದಾಟ್ತದೆ. ನಿಂತವರು ಅಡ್ಡ ಬಂದ್ರೆ 170 ಇದ್ದೂ ಸಾಲದು, ಜಾಗ ಬದಲಿಸಿ. ಹತ್ತಿರ ಹೋಗಿ ಕೆಳಗಿಂದ ಹೊಡೀಬೇಡಿ, ಬಣ್ಣದ ವೇಷದ ಗಲ್ಲ ದೊಡ್ಡದು, ಕಿರೀಟ ಸಣ್ಣದು ಆಗ್ತದೆ. ನಿಮ್ಮ ಕ್ಯಾಮೆರಾದ ಸ್ಕ್ರೀನ್ ಮಡಚಲಿಕ್ಕೆ ಬರ್ತದಾ? ಬಂದ್ರೆ ಮೇಲಿಂದಲೇ ನೋಡಬಹುದು, ಕಣ್ಣಿನ ಲೆಕ್ಕವೇ ಬೇಡ, ಹೊಸ ಟ್ರೈಪಾಡೂ ಬೇಡ.

ಚಂದ್ರಗಿರಿ77
ಹಲಗೆ ಇದ್ರೂ ಸ್ಟೆಬಿಲೈಸೇಶನ್...

ಬದಿಯಡ್ಕ ಭಟ್ರು
ಸಾಕು ಮಾರಾಯ್ರೆ.

ಕುಂಬಳೆ ಕ್ಲಿಕ್
ಸ್ಕ್ರೀನ್ ಮಡಚುವುದಿಲ್ಲ, ಹಳೇ ಬಾಡಿ. ಮಣ್ಣಲ್ಲಿ ಇಡಲಿಕ್ಕೆ ಅಲ್ಲಿ ಜಾಗ ಎಲ್ಲಿ, ಕಡ್ಲೆ ಮಾರುವವರಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಕಾಲು ಎಡವಿಯೇ ಹೋಗೋದು.

ಮುಳ್ಳೇರಿಯ ಮಾಣಿ
ಹಾಗಾದ್ರೆ ಮೋನೊಪಾಡ್ ಅಣ್ಣ. ಒಂದೇ ಕಾಲು, ಯಾರೂ ಎಡವುವುದಿಲ್ಲ. 70-200ರ ಕಾಲರಿಗೆ, ಅಂದ್ರೆ ಲೆನ್ಸಿಗೆ ಹಾಕಿದ ಬಳೆಗೆ, ಸಿಕ್ಕಿಸಿ, ಶಟರ್ 1/250ಕ್ಕಿಂತ ವೇಗದಲ್ಲಿ ಇಡಿ, ಬೆಳಕಿನ ಸೂಕ್ಷ್ಮತೆ ತೋರಿಸುವ ಐಎಸ್‌ಒ ಏರಿದ್ರೆ ಏರ್ಲಿ. ನೀಲೇಶ್ವರದ ಕಡೆ ದೈವದ ಕುಣಿತ ತೆಯ್ಯಂಗೆ ಹೋದ್ರೆ ನಾನು ಅದೇ ಒಯ್ಯೋದು.

ಪೊಸಡಿಗುಂಪೆ
ನನ್ನ ಹತ್ರ ಮ್ಯಾನ್‌ಫ್ರೊಟ್ಟೊ 055 ಟ್ರೈಪಾಡ್ ಉಂಟು, ಅದಲ್ಲದೆ ಕಾರ್ಬನ್ ಒಂದು, ಟೇಬಲ್ ಮೇಲಿಡುವ ಸಣ್ಣದು ಒಂದು. ಮೋನೊಪಾಡ್ ಮಾತ್ರ ತಗೊಳ್ಳಲಿಲ್ಲ.

ಬೇಕಲ ಬೀಚ್
ನನ್ನದು ಮದುವೆ ವಿಡಿಯೊದವರು ಬಿಟ್ಟ ಹಳೇ ಟ್ರೈಪಾಡ್. ಎತ್ತಲಿಕ್ಕೆ ಇಬ್ಬರು ಬೇಕು. ಅದರ ಮೇಲೆ ನಾನೇ ಕೂತ್ರೂ ಅಲ್ಲಾಡುವುದಿಲ್ಲ.

ಬದಿಯಡ್ಕ ಭಟ್ರು
ಕಾರ್ಬನ್ ಇಟ್ಟುಕೊಂಡೂ 055 ಯಾಕೆ ಮಾರಲಿಲ್ಲ ಪೊಸಡಿಯವರೇ? ಭಾರ ಬೇಕಾಯ್ತಲ್ಲ ಕಡೆಗೆ?

ಪೊಸಡಿಗುಂಪೆ
ಅದು ಕೊಡುವಂಥದ್ದಲ್ಲ. ಬೇಕಾದ್ರೆ ಬಾಲ್ ಹೆಡ್ ಒಂದು ಹೆಚ್ಚಿಗೆ ಉಂಟು, 3/8 ಇಂಚಿನ ಸ್ಕ್ರೂ. ಯಾರಿಗಾದ್ರೂ ಬೇಕಾ?