ಗೋಮಾಳದ ದಿಂಬು ಲಾವಾ ಬಂಡೆ ಜಲ್ಲಿ ಕ್ರಷರ್ ಪಾಲಾಗದಂತೆ ಏನು ಮಾಡಬಹುದು?

ಕಾಮಸಮುದ್ರ_ಕಡೆಯವ:
ಬಂಗಾರಪೇಟೆ ತಾಲ್ಲೂಕು. ಗೋಮಾಳದಲ್ಲಿರೋ ಕಪ್ಪು ಬಂಡೆ ಮೇಲೆ ದಿಂಬು ಒತ್ತೊತ್ತಾಗಿ ಜೋಡಿಸಿದ ಹಾಗೆ ಆಕಾರಗಳಿವೆ, ಕೆಜಿಎಫ್ ಹತ್ತಿರದ ಪೆದ್ದಪಲ್ಲಿಯ ದಿಂಬು ಲಾವಾ (ನೀರಲ್ಲಿ ಹರಿದು ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ) ಥರಾನೇ. ಪಕ್ಕದ ಸರ್ವೆ ನಂಬರಲ್ಲಿ ಕ್ವಾರಿ ಶುರುವಾಗಿದೆ. ಜಿಯೋಪಾರ್ಕ್ (ವಿಶೇಷ ಭೂರಚನೆಗಳನ್ನ ಕಾಪಾಡೋ ಪ್ರದೇಶ) ಮಾಡಿ ಅಂತ ಅರ್ಜಿ ಹಾಕಬಹುದಾ? ಯಾರಿಗೆ?

ಕರಿಕಲ್ಲು:
ಮೊದಲು ಅದು ದಿಂಬು ಲಾವಾ ಹೌದೋ ಅಲ್ಲವೋ ನೋಡಿ. ಕರಿಕಲ್ಲಿನ ಡೈಕ್ (ಬೇರೆ ಕಲ್ಲಿನ ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲೆ) ಶಿಥಿಲವಾದಾಗಲೂ ಗುಂಡುಗುಂಡಾಗಿ ಕಾಣುತ್ತೆ, ಆದರೆ ಅದು ಪದರ ಪದರವಾಗಿ ಕಳಚುತ್ತೆ, ನಡುವೆ ಮಣ್ಣಿರುತ್ತೆ. ನಿಜವಾದ ದಿಂಬಿನ ಮೇಲ್ಭಾಗ ಉಬ್ಬಿರುತ್ತೆ. ತಳ ಚೂಪಾಗಿ, ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದಿರುತ್ತೆ. ಲಾವಾ ನೀರಿಗೆ ತಾಗಿ ಥಟ್ಟನೆ ತಣ್ಣಗಾದದ್ದರಿಂದ ಅಂಚು ಒಳಭಾಗಕ್ಕಿಂತ ನುಣುಪು, ಕಪ್ಪು.

ಅಂಚು ಕಾಣದಿದ್ದರೆ ಸ್ಪಂಜಿನಲ್ಲಿ ನೀರು ಹಚ್ಚಿ ಫೋಟೋ ತೆಗೀರಿ, ಪಕ್ಕದಲ್ಲಿ ಸ್ಕೇಲ್ ಇಡಿ. ಸುತ್ತಿಗೆ, ತಂತಿ ಬ್ರಷ್, ಆಸಿಡ್ ಯಾವುದೂ ಬೇಡ. ಗಾಳಿ ಮಳೆಗೆ ಸವೆದ ಆ ಮೇಲ್ಪದರದಲ್ಲೇ ಅಂಚು ಎದ್ದು ಕಾಣೋದು. ಉಜ್ಜಿದರೆ ತೋರಿಸೋದಕ್ಕೆ ಏನೂ ಉಳಿಯಲ್ಲ.

ಪಹಣಿ_ಪತ್ರ:
ಜಿಯೋಪಾರ್ಕ್ ಮಾತು ಸದ್ಯಕ್ಕೆ ಬಿಡಿ. ಒಂದು ಬಂಡೆಗೆ ಅದು ಸಿಗಲ್ಲ. ಯುನೆಸ್ಕೋ ಕೇಳೋದು ಗಡಿ ಗೊತ್ತಿರೋ ಇಡೀ ಪ್ರದೇಶ, ಕಾನೂನುಬದ್ಧ ಆಡಳಿತ ಸಂಸ್ಥೆ, ನಿರ್ವಹಣಾ ಯೋಜನೆ. ಅರ್ಜಿಗೆ ಮೊದಲೇ ಕನಿಷ್ಠ 1 ವರ್ಷ ಜಿಯೋಪಾರ್ಕ್ ಆಗಿ ನಡೆದಿರಬೇಕು, ಆಮೇಲೆ 4 ವರ್ಷಕ್ಕೊಮ್ಮೆ ಮರುಪರಿಶೀಲನೆ. 2025ರ ಪಟ್ಟಿಯಲ್ಲೂ ಭಾರತದ್ದು ಒಂದೂ ಇಲ್ಲ. ಪೆದ್ದಪಲ್ಲಿಗಿರೋದು ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ) ಕೊಟ್ಟ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮನ್ನಣೆ. ಇಂಥ ತಾಣಗಳಿಗೆಂದೇ ಕಾನೂನು ತರೋಕೆ ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಕರಡು ಮಸೂದೆ ಹೊರಡಿಸಿತ್ತು.

ಈಗ ಕೈಗೆಟಕೋದು ಕಂದಾಯ ದಾಖಲೆ. ಪಹಣಿ, ಸರ್ವೆ ನಕ್ಷೆ ತೆಗೆಸಿ, ಬಂಡೆಯ ನಾಲ್ಕೂ ಮೂಲೆಯ ಜಿಪಿಎಸ್ ಅಂಕಿ ಬರೆದು, ಫೋಟೋ ಸೇರಿಸಿ. ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿಸಿ ತಹಶೀಲ್ದಾರರಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಕೊಡಿ, ಬೆಂಗಳೂರಿನ ಜಿಎಸ್‌ಐ ಕಚೇರಿಗೆ ಪ್ರತಿ ಕಳಿಸಿ. ‘ಗುಡ್ಡದ ಹತ್ತಿರದ ಬಂಡೆ’ ಅಂತ ಬರೆದ ಅರ್ಜಿ ಕಡತದಲ್ಲೇ ಕೊಳೆಯುತ್ತೆ, ಸರ್ವೆ ನಂಬರ್ ಬೇಕೇ ಬೇಕು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಇನ್ನೊಂದು ದಾರಿ ಯಾರೂ ಬಳಸಲ್ಲ. ಉಪಖನಿಜಗಳ (ಕಟ್ಟಡ ಕಲ್ಲು, ಮರಳಿನಂಥವು) ಜಿಲ್ಲಾ ಸರ್ವೆ ವರದಿಯ ಕರಡನ್ನು ಜಿಲ್ಲೆಯ ವೆಬ್‌ಸೈಟಲ್ಲಿ 21 ದಿನ ಹಾಕಬೇಕು ಅಂತ 2016ರ ಅಧಿಸೂಚನೆ ಹೇಳುತ್ತೆ. ಆಕ್ಷೇಪಣೆ ಆಗಲೇ ಸಲ್ಲಿಸಿ.

ಕಾಮಸಮುದ್ರ_ಕಡೆಯವ:
ಉಪಕಾರ ಆಯ್ತು ಸರ್. ನೀರು ಹಚ್ಚಿ ನೋಡಿದೆ, ಅಂಚು ಚೆನ್ನಾಗಿ ಕಾಣ್ತು. ಆದ್ರೆ ಚೂಪು ಭಾಗ ಕೆಳಗಿಲ್ಲ, ಎಲ್ಲದರಲ್ಲೂ ಪೂರ್ವಕ್ಕಿದೆ. ಹಾಗಾದ್ರೆ ಇದು ದಿಂಬು ಲಾವಾ ಅಲ್ಲ ಅಂತಾನಾ?

ಕರಿಕಲ್ಲು:
ಎಲ್ಲವೂ ಒಂದೇ ದಿಕ್ಕಿಗಿದ್ದರೆ ಒಳ್ಳೆ ಗುರುತೇ. ಸುಮಾರು 270 ಕೋಟಿ ವರ್ಷದ ಕಲ್ಲು ಅದು. ಕೋಲಾರದ ಹಳೇ ಶಿಲೆಗಳ ಪಟ್ಟಿಯಲ್ಲಿ ಪದರಗಳು ಮಡಿಚಿ ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಲಾವಾ ಹರಿದಾಗ ಪೂರ್ವದ ಕಡೆ ತಳವಾಗಿತ್ತು, ಅಷ್ಟೇ. ಆ ದಿಕ್ಕನ್ನ ದಿಕ್ಸೂಚಿಯಲ್ಲಿ ಅಳೆದು ಅರ್ಜಿಯಲ್ಲಿ ಬರೀರಿ. ಮತ್ತೆ ಬೋರ್ಡ್ ಹಾಕಿಸೋದಾದ್ರೆ ಕಂಬಾನ ಮಣ್ಣಲ್ಲಿ ನೆಡಿಸಿ, ಬಂಡೆಗೆ ಡ್ರಿಲ್ ಹಾಕೋಕೆ ಬಿಡಬೇಡಿ.