ಕಂಡಿಷನರಿಗೆ ಹಾಕುವ ಕೊಲಾಜೆನ್ ಎಷ್ಟು ಸುರಕ್ಷಿತ?

ಪ್ರಶ್ನೆ, ಬದಿಯಡ್ಕ:
ನಮ್ಮ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದ ಕೂದಲಿನ ಕಂಡಿಷನರಿಗೆ 2% ಹೈಡ್ರೊಲೈಸ್ಡ್ ಕೊಲಾಜೆನ್ (ಸಣ್ಣ ತುಂಡುಗಳಾಗಿ ಒಡೆದ ಪ್ರಾಣಿ ಪ್ರೋಟೀನ್) ಹಾಕಬೇಕೆಂದಿದ್ದೇವೆ. ಡಬ್ಬಿಯಲ್ಲಿ ಹೆಸರು ಮಾತ್ರ ಇದೆ, ದನದ್ದೋ ಮೀನಿನದ್ದೋ ಗೊತ್ತಿಲ್ಲ. ಹುಚ್ಚು ಹಸು ರೋಗದ ಭಯ ಇದೆಯಾ? ಕೈಗೆ ಹಚ್ಚಿ ಎರಡು ದಿನ ನೋಡಿದರೆ ಸಾಕಾ?

ಉತ್ತರ, ಮಂಜೇಶ್ವರ:
ಸಾಲದು ಅಕ್ಕಾ. ಎರಡು ದಿನದ ಪರೀಕ್ಷೆ ತಡವಾಗಿ ಬರುವ ಅಲರ್ಜಿಗೆ. ಪ್ರೋಟೀನಿನ ಅಲರ್ಜಿ ಹೆಚ್ಚಾಗಿ ಅರ್ಧ ಗಂಟೆಯೊಳಗೇ ಪಿತ್ತಗಂಧೆಯಾಗಿ ಏಳುತ್ತದೆ, ಕೆಲವರಿಗೆ ಉಸಿರೂ ಕಟ್ಟುತ್ತದೆ. ಹಾಗಾಗಿ ಮೀನು ಆಗದವರ ಮೇಲೆ ಮನೆಯಲ್ಲಿ ಪರೀಕ್ಷೆ ಬೇಡವೇ ಬೇಡ. ಅದು ಚರ್ಮದ ಡಾಕ್ಟರ ಕೆಲಸ. ಇಸುಬು, ಗಾಯ ಇರುವ ಚರ್ಮದಲ್ಲಿ ಪ್ರೋಟೀನ್ ಸುಲಭವಾಗಿ ಒಳಗಿಳಿಯುತ್ತದೆ. ಸ್ಪ್ರೇ ಮಾಡಲೂ ಹೋಗಬೇಡಿ, ಶ್ವಾಸಕ್ಕೆ ಹೋಗುತ್ತದೆ.

ಮೂಲ ಪ್ರಾಣಿ ಯಾವುದು, ಯಾವ ದೇಶದ್ದು, ಸರಾಸರಿ ಅಣುತೂಕ (ಪ್ರೋಟೀನ್ ತುಂಡುಗಳು ಎಷ್ಟು ದೊಡ್ಡವು ಎಂಬ ಅಳತೆ) ಎಷ್ಟು, ಇವಿಷ್ಟನ್ನು ಮಾರುವವರಿಂದ ಬರಹದಲ್ಲಿ ತೆಗೆದುಕೊಳ್ಳಿ. ಕೊಡದಿದ್ದರೆ ಆ ಮಾಲು ಬೇಡ. ಲೇಬಲಿನ ಅಂತರರಾಷ್ಟ್ರೀಯ ಹೆಸರಿನಲ್ಲಿ ಪ್ರಾಣಿಯ ಸುಳಿವು ಇರುವುದಿಲ್ಲ, ಆದ್ದರಿಂದ ಮೀನಿನದ್ದಾದರೆ ‘ಮೀನಿನಿಂದ’ ಎಂದು ನೀವೇ ಬೇರೆಯಾಗಿ ಅಚ್ಚು ಹಾಕಿಸಿ.

ಹುಚ್ಚು ಹಸು ರೋಗದ ಅಪಾಯ ಇರುವುದು ಮುಖ್ಯವಾಗಿ ಮಿದುಳು, ಬೆನ್ನುಹುರಿಯಂಥ ಭಾಗಗಳಲ್ಲಿ. ಅಮೆರಿಕ, ಯುರೋಪಿನಲ್ಲಿ ಅವನ್ನು ಸೌಂದರ್ಯವರ್ಧಕಕ್ಕೆ ನಿಷೇಧಿಸಿದ್ದಾರೆ. ಚರ್ಮದಿಂದ ತೆಗೆದ ಕೊಲಾಜೆನಿಗೆ ಆ ಭಯ ಬೇಡ, ಆದರೆ ಚರ್ಮದ್ದೇ ಎಂಬ ಪ್ರಮಾಣಪತ್ರ ಕೈಯಲ್ಲಿರಲಿ.

ಉತ್ತರ, ಕುಂಬಳೆ:
2% ಅಂದರೆ ಪುಡಿಯೋ ದ್ರವವೋ? ದ್ರವದಲ್ಲಿ ಪ್ರೋಟೀನ್ ಹಲವು ಸಲ 20–30% ಮಾತ್ರ, ಉಳಿದದ್ದು ನೀರು. ಲೆಕ್ಕ ಅಲ್ಲೇ ತಪ್ಪುವುದು.

ನಮ್ಮ ಮಳೆಗಾಲದಲ್ಲಿ ನನಗೆ ಅಲರ್ಜಿಗಿಂತ ಹೆಚ್ಚು ಚಿಂತೆ ಬೂಷ್ಟಿನದ್ದು. ಪ್ರೋಟೀನ್ ಸೂಕ್ಷ್ಮಾಣುಗಳಿಗೆ ಊಟ. ಮಿಶ್ರಣ 40 ಡಿಗ್ರಿಗಿಂತ ಕೆಳಗೆ ತಣಿದ ಮೇಲೆ ಪ್ರೋಟೀನ್ ಸೇರಿಸಿ, ಪಿಎಚ್ (ಹುಳಿತನದ ಅಳತೆ) 4.5ರ ಹತ್ತಿರ ನಿಲ್ಲಿಸಿ. ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್ ಪಿಎಚ್ 5 ದಾಟಿದರೆ ಸೋಲುತ್ತದೆ. ಅದೇ ಕೆಲಸದ ಫೀನಾಕ್ಸಿ ಎಥನಾಲ್ 1% ಮೀರಬಾರದು. ವಾಸನೆ ತಿರುಗಿದರೆ, ನೀರಾದರೆ ಇಡೀ ಬ್ಯಾಚ್ ಚೆಲ್ಲಿ. ಏನೂ ಕಾಣದಿದ್ದರೂ ಲ್ಯಾಬಿನಲ್ಲಿ ಸೂಕ್ಷ್ಮಾಣು ಎಣಿಕೆ ಮಾಡಿಸಿ: ಗ್ರಾಮಿಗೆ 1000 ದಾಟಬಾರದು, ಮೂರು ವರ್ಷದೊಳಗಿನ ಮಕ್ಕಳದ್ದಾದರೆ 100.

ಪ್ರಶ್ನೆ ಕೇಳಿದವರು:
ಹಾಗಾದರೆ ಗೋಧಿ ಪ್ರೋಟೀನ್ ಹಾಕಿದರೆ ನೆಮ್ಮದಿಯಾ?

ಉತ್ತರ, ಮಂಜೇಶ್ವರ:
ಸಸ್ಯದ್ದು ಅಂತ ನಂಬಬೇಡಿ ಅಕ್ಕಾ. ಜಪಾನಿನಲ್ಲಿ ಹೈಡ್ರೊಲೈಸ್ಡ್ ಗೋಧಿ ಪ್ರೋಟೀನಿದ್ದ ಮುಖದ ಸೋಪಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ತಿಂದರೂ ಏಳುವ ಅಲರ್ಜಿ ಹತ್ತಿತು. ಅದರ ತುಂಡುಗಳು ದೊಡ್ಡವು, ಸುಮಾರು 50 ಸಾವಿರ ಡಾಲ್ಟನ್ (ಅಣುತೂಕದ ಮಾನ). ಈಗ ಯುರೋಪಿನಲ್ಲಿ ಗೋಧಿ ಪ್ರೋಟೀನಿನ ಸರಾಸರಿ ಅಣುತೂಕಕ್ಕೆ 3,500 ಡಾಲ್ಟನ್ ಮಿತಿ. ಗೋಧಿಯದ್ದು ತರುವುದಾದರೂ ಮೊದಲು ಆ ಸಂಖ್ಯೆ ಕೇಳಿ.