ದೂರ 135, ಟಿಕೆಟ್‌ನಲ್ಲಿ 1 ಗಂಟೆ 5 ನಿಮಿಷ. ಯಾವ ಲೆಕ್ಕ ಸರಿ?

ಪ್ರಶ್ನೆ:
ಅಮ್ಮನಿಗೆ ಬಲಗಾಲಿನ ಮಂಡಿ ನೋವು. ಕಾರಿನಲ್ಲಿ 6 ಗಂಟೆ ಕೂರಿಸಲು ಮನಸ್ಸಿಲ್ಲ, ಅದಕ್ಕೇ ವಿಮಾನ ನೋಡುತ್ತಿದ್ದೇನೆ. ಎರಡೂ ಕಡೆ ಸಣ್ಣ ಏರ್‌ಪೋರ್ಟ್, ಹೋಗುವುದು ಎಟಿಆರ್ 72 ಅನ್ನುವ ಸಣ್ಣ ಪ್ರೊಪೆಲ್ಲರ್ ವಿಮಾನ. ಒಂದು ವೆಬ್‌ಸೈಟ್ ದೂರ 135 ಅನ್ನುತ್ತದೆ, ಇನ್ನೊಂದು 250. ರಸ್ತೆಯಲ್ಲಿ 330 ಕಿ.ಮೀ. ಹಾರಾಟ ಅರ್ಧ ಗಂಟೆ ಅಂತ ಅಲ್ಲಿದೆ, ಟಿಕೆಟ್‌ನಲ್ಲಿ ಮಾತ್ರ 1 ಗಂಟೆ 5 ನಿಮಿಷ. ಅಮ್ಮ ನಿಜವಾಗಿ ಎಷ್ಟು ಹೊತ್ತು ಕಾಲು ಮಡಚಿ ಕೂರಬೇಕು?

ಉತ್ತರ 1:
135 ಮತ್ತು 250 ಎರಡೂ ಒಂದೇ. 135 ಅಂದರೆ ನಾಟಿಕಲ್ ಮೈಲಿ, ವಿಮಾನ ಮತ್ತು ಹಡಗಿನ ದೂರ ಅಳೆಯುವ ಮಾನ; 250 ಅಂದರೆ ಕಿ.ಮೀ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ., ಗುಣಿಸಿ ನೋಡಿ. ಇದು ನೇರ ಗೆರೆಯ ದೂರ. ರಸ್ತೆ ಸುತ್ತಿ ಬಳಸಿ ಹೋಗುತ್ತದೆ, ಅದಕ್ಕೇ 330.

ಉತ್ತರ 2:
ನೀವು ಟಿಕೆಟ್‌ನ ಸಮಯವನ್ನೇ ನಂಬಿ. ಕೆಲಸದ ಮೇಲೆ ಮೂರು ವರ್ಷ ಇಂಥ ವಿಮಾನದಲ್ಲೇ ಓಡಾಡಿದ್ದೇನೆ, ಪ್ರತಿ ಸಲ ವಾಚ್ ನೋಡಿ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಎಟಿಆರ್ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ. ಆ ಲೆಕ್ಕದಲ್ಲಿ 250ಕ್ಕೆ ಅರ್ಧ ಗಂಟೆ. ಆದರೆ ಏರುವಾಗ, ಇಳಿಯುವಾಗ ಅಷ್ಟು ವೇಗ ಇರುವುದಿಲ್ಲ. ಇಷ್ಟು ಹತ್ತಿರದ ಹಾರಾಟದಲ್ಲಿ ಏರುವುದು ಇಳಿಯುವುದೇ ಜಾಸ್ತಿ. ನೆಲ ಬಿಟ್ಟು ಏಳುವಾಗ ಗಾಳಿಗೆ ಎದುರಾಗಿರಬೇಕು, ಇಳಿಯುವಾಗಲೂ ಹಾಗೇ. ಗಾಳಿ ಬೇರೆ ಕಡೆಯಿಂದ ಬೀಸಿದರೆ ಸುತ್ತು ಹೊಡೆದು ಬರುತ್ತದೆ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ತುಂಬಾ ಸಣ್ಣ ಏರ್‌ಪೋರ್ಟ್‌ಗಳಲ್ಲಿ ರನ್‌ವೇ ಪಕ್ಕದಲ್ಲಿ ಉದ್ದಕ್ಕೂ ಟ್ಯಾಕ್ಸಿವೇ, ಅಂದರೆ ವಿಮಾನ ರನ್‌ವೇಗೆ ಉರುಳಿಕೊಂಡು ಹೋಗುವ ಬೇರೆ ದಾರಿ, ಇರುವುದಿಲ್ಲ. ವಿಮಾನ ರನ್‌ವೇ ಮೇಲೇ ನಿಧಾನಕ್ಕೆ ಉರುಳುತ್ತಾ ಆ ತುದಿಗೆ ಹೋಗಿ, ಅಲ್ಲಿ ತಿರುಗಿ, ಆಮೇಲೆ ಓಡಲು ಶುರು ಮಾಡುತ್ತದೆ. ಅಷ್ಟರಲ್ಲಿ ಇನ್ನೊಂದು ವಿಮಾನ ಇಳಿಯುತ್ತಿದ್ದರೆ ಇದು ಕಾಯಲೇಬೇಕು. ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಈ ಪೂರ್ತಿ ಸಮಯವೇ ಟಿಕೆಟ್‌ನಲ್ಲಿರುವುದು. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ಸ್ವಲ್ಪ ಹೆಚ್ಚೇ ಹಾಕಿರುತ್ತಾರೆ. ನನ್ನ ಡೈರಿಯಲ್ಲಿ ಇಷ್ಟೇ ದೂರದ ಹಾರಾಟಕ್ಕೆ ಗಾಳಿಯಲ್ಲಿದ್ದದ್ದು ಹೆಚ್ಚಾಗಿ 40ರಿಂದ 45 ನಿಮಿಷ.

ಅಮ್ಮನ ವಿಷಯ. ಎಟಿಆರ್‌ನಲ್ಲಿ ಹತ್ತುವ ಬಾಗಿಲು ಹಿಂದೆ ಇರುತ್ತದೆ. ಹಿಂದಿನ ಸಾಲು ತೆಗೆದುಕೊಳ್ಳಿ, ನಡೆಯುವುದು ಕಡಿಮೆ. ಎಡಬದಿಯ ಐಲ್ ಸೀಟ್ ಆದರೆ ಬಲಗಾಲನ್ನು ಓಡಾಡುವ ಜಾಗದ ಕಡೆಗೆ ಸ್ವಲ್ಪ ಚಾಚಬಹುದು. ಬಾಗಿಲಲ್ಲೇ ಕಡಿದಾದ ಮೆಟ್ಟಿಲು, ಮಂಡಿ ನೋವಿನವರಿಗೆ ಅದೇ ಕಷ್ಟ. ವೀಲ್‌ಚೇರ್ ಬೇಕು, ಮೆಟ್ಟಿಲು ಹತ್ತಲು ಆಗುವುದಿಲ್ಲ ಅಂತ ಬುಕ್ ಮಾಡುವಾಗಲೇ ಹೇಳಿ. ಒಂದು ಸಲ ನನ್ನ ಪಕ್ಕದಲ್ಲಿದ್ದ ಅಜ್ಜಿ ಇದನ್ನು ಹೇಳಿರಲಿಲ್ಲ. ಕೈಹಿಡಿಗೆ ಎರಡೂ ಕೈ ಕೊಟ್ಟು, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತಿದರು. ಅದನ್ನು ನೋಡಿ ಸಂಕಟವಾಯಿತು.

ಉತ್ತರ 3:
ದೂರ ಕಡಿಮೆಯಾದ ಮಾತ್ರಕ್ಕೆ ಉಳಿದ ಸಮಯ ಕಡಿಮೆಯಾಗುವುದಿಲ್ಲ. ಸ್ಕಾಟ್ಲೆಂಡ್‌ನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿ.ಮೀ. ಹಾರಾಟ ಇದೆ, ಎರಡೇ ನಿಮಿಷ! ಅದಕ್ಕೂ ಮೊದಲೇ ಹೋಗಿ ಕಾಯಬೇಕು ಅಲ್ವಾ. ನೀವು ಮನೆಯಿಂದ ಮನೆಗೆ ಲೆಕ್ಕ ಹಾಕಿ.

ಪ್ರಶ್ನೆ ಕೇಳಿದವರು:
ಹಾಕಿದೆ. ಮನೆಯಿಂದ ಮನೆಗೆ ನಾಲ್ಕೂವರೆ ಗಂಟೆ. ಆದರೆ ಒಂದೇ ಕಡೆ ಕೂರುವುದು ಒಂದು ಗಂಟೆಯಷ್ಟೇ, ಅಮ್ಮನಿಗೆ ಬೇಕಾದದ್ದೂ ಅದೇ. ಹಿಂದಿನಿಂದ ಎರಡನೇ ಸಾಲು, ಎಡಬದಿಯ ಐಲ್ ಸೀಟ್ ಸಿಕ್ಕಿದೆ. ವೀಲ್‌ಚೇರ್‌ಗೂ ಹೇಳಿದ್ದೇನೆ. ಡೈರಿ ತೆಗೆದು ನೋಡಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್.